ಗಾಳಿ ಇಳಿಸಿದ ಮೇಲೆ

ಹಮೀಮ್ ದಾಟಿ ಡಾಂಬರು ಮುಗಿಯುವ ಜಾಗದಲ್ಲಿ ನಮ್ಮ ಮೂರು ಗಾಡಿಗಳು ನಿಂತಾಗ ಇನ್ನೂ ಬೆಳಕು ಹರಿದಿರಲಿಲ್ಲ. ಜನವರಿಯ ದಟ್ಟ ಮಂಜು. ಎದುರಿಗೆ ಮರಳುದಿಣ್ಣೆಗಳಿವೆ ಎಂದು ಗೊತ್ತಿತ್ತೇ ಹೊರತು ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನಸುಕಿನ ಮೂರು ಗಂಟೆಗೆ ಅಬುಧಾಬಿ ಬಿಟ್ಟವರು ದಾರಿಯುದ್ದಕ್ಕೂ ವೈರ್‌ಲೆಸ್ಸಿನಲ್ಲಿ ಹರಟೆ ಹೊಡೆದುಕೊಂಡು ಬಂದಿದ್ದೆವು. ಇಳಿದ ಕೂಡಲೇ ಎಲ್ಲರೂ ಸುಮ್ಮನಾದರು. ಒಬ್ಬೊಬ್ಬರೂ ತಂತಮ್ಮ ಗಾಡಿಯ ಪಕ್ಕ ಮಂಡಿಯೂರಿ, ಚಕ್ರದ ವಾಲ್ವಿನ ಮುಚ್ಚಳ ತಿರುಗಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ಆ ಸದ್ದು. ಮೊದಲು ಒಂದು ಕಡೆಯಿಂದ, ಮತ್ತೆ ಇನ್ನೊಂದು ಕಡೆಯಿಂದ, ಒಂದಾದ ಮೇಲೆ ಒಂದರಂತೆ ಹನ್ನೆರಡು ಟೈರುಗಳು ಮಂಜಿನೊಳಗೆ ಉಸಿರು ಬಿಡತೊಡಗಿದವು.

ಇಷ್ಟು ವರ್ಷಗಳಾದರೂ ಆ ಸದ್ದು ಕೇಳಿದಾಗ ನನ್ನ ಮೈ ತುಸು ಹಗುರಾಗುತ್ತದೆ. ಊರಲ್ಲಿದ್ದಾಗ ಟೈರಿನಿಂದ ಗಾಳಿ ಹೋಗುವ ಸದ್ದೆಂದರೆ ಪಂಕ್ಚರ್, ಬಿಸಿಲಲ್ಲಿ ಸೈಕಲ್ ತಳ್ಳುವ ಸಂಕಟ. ಇಲ್ಲಿ ಅದು ಹೊರಡುವ ಸದ್ದು.

ಮೂರು ಗಾಡಿಗಳಲ್ಲಿ ಮೂರು ಬಗೆಯ ಕನ್ನಡವಿತ್ತು. ಹುಬ್ಬಳ್ಳಿಯ ಗೆಳೆಯ ಇದನ್ನು ಉಸುಕು ಎನ್ನುತ್ತಾನೆ. ಕುಂದಾಪುರದವನಿಗೆ ಇದು ಹೊಯ್ಗೆ. ನಾನು ತಲಕಾಡಿನ ಕಡೆಯವನು, ನನಗೆ ಮರಳು. ಇಲ್ಲಿನ ಮರುಭೂಮಿಯ ಬದು ಬುಡಕಟ್ಟಿನವರು ಇದನ್ನು 'ರಮ್ಲ್' ಎನ್ನುತ್ತಾರೆ. ನಕ್ಷೆಯ ಮೇಲೆ 'ರುಬ್ ಅಲ್ ಖಾಲಿ', ಖಾಲಿಯಾದ ಕಾಲುಭಾಗ, ಎಂದು ಬರೆದಿರುವ ಈ ಮರುಭೂಮಿಯನ್ನು ಅದರೊಳಗೆ ಬಾಳಿದವರು ಬರೀ 'ಮರಳು' ಎಂದೇ ಕರೆಯುತ್ತಿದ್ದರಂತೆ. ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರ್. ಮೂರು ಕರ್ನಾಟಕಗಳನ್ನು ಒಳಗಿಟ್ಟರೂ ಜಾಗ ಉಳಿಯುತ್ತದೆ. ಸೌದಿ, ಒಮಾನ್, ಯೆಮನ್, ಎಮಿರೇಟ್ಸ್ ನಾಲ್ಕೂ ಇದನ್ನು ಹಂಚಿಕೊಂಡಿವೆ. ನಾವು ನಿಂತಿದ್ದದ್ದು ಅದರ ಉತ್ತರದ ಅಂಚಿನಲ್ಲಿ, ಲಿವಾ ಎಂಬ ಖರ್ಜೂರದ ತೋಟಗಳ ಸಾಲಿನ ಪೂರ್ವದ ತುದಿಯಲ್ಲಿ.

ನನ್ನ ಟೈರುಗಳು 35ರಿಂದ 15ಕ್ಕೆ ಇಳಿದವು. ಪಿಎಸ್‌ಐ ಎಂಬ ಅಳತೆ, ಚದರ ಅಂಗುಲಕ್ಕೆ ಇಷ್ಟು ಪೌಂಡ್ ಒತ್ತಡ. ಗೇಜನ್ನು ಎರಡೆರಡು ಸಲ ಒತ್ತಿ ನೋಡಿದೆ. ಮರಳಿಗೆ ಬರುವವರಿಗೆ ಒಂದೇ ಒಂದು ಸಾಮಾನು ಕೊಂಡುಕೊಳ್ಳಲು ಹೇಳಬೇಕಾಗಿ ಬಂದರೆ ನಾನು ಗೇಜನ್ನೇ ಹೇಳುತ್ತೇನೆ. ವಿಂಚು, ದೀಪದ ಪಟ್ಟಿ, ಎತ್ತರಿಸಿದ ಸ್ಪ್ರಿಂಗು ಎಲ್ಲವೂ ಆಮೇಲೆ.

ಗಾಳಿ ಇಳಿಸಿದರೆ ಏನಾಗುತ್ತದೆ ಎಂಬುದನ್ನು ನನಗೆ ಮೊದಲು ಕಲಿಸಿದ್ದು ಒಂದು ಬಿಳಿ ಹಾಳೆ. ಸಾಮಾನು, ನೀರು, ಜನ ಎಲ್ಲ ಸೇರಿ ನನ್ನ ಪ್ರಾಡೊ ಹತ್ತಿರ ಹತ್ತಿರ 2,400 ಕಿಲೋ ತೂಗುತ್ತದೆ. ಒಂದು ಚಕ್ರದ ಪಾಲಿಗೆ 600 ಕಿಲೋ. ಆ ತೂಕವನ್ನು ಹೊರುವುದು ಬಹುಮಟ್ಟಿಗೆ ಒಳಗಿನ ಗಾಳಿಯೇ. ಗಾಳಿಯ ಒತ್ತಡ 35 ಇದ್ದಾಗ ನೆಲ ಮುಟ್ಟುವ ರಬ್ಬರು ಸುಮಾರು 245 ಚದರ ಸೆಂಟಿಮೀಟರ್ ಇದ್ದರೆ ಸಾಕಾಗುತ್ತದೆ. 15ಕ್ಕೆ ಇಳಿಸಿದರೆ ಅದೇ ತೂಕಕ್ಕೆ ಸುಮಾರು 570 ಬೇಕು. ಮೊದಲನೆಯದು ಎ4 ಹಾಳೆಯ ಅರ್ಧಕ್ಕಿಂತ ಕಡಿಮೆ, ಎರಡನೆಯದು ಹೆಚ್ಚುಕಡಿಮೆ ಇಡೀ ಹಾಳೆ. ಟೈರಿನ ಪಕ್ಕೆಗೂ ತನ್ನದೇ ಬಿಗಿ ಇರುವುದರಿಂದ ನಿಜವಾದ ಗುರುತು ಲೆಕ್ಕದಷ್ಟೇ ಇರುವುದಿಲ್ಲ, ಆದರೆ ದಿಕ್ಕು ಇದೇ. ಗಾಳಿ ಇಳಿದ ಟೈರು ಅಗಲವಾಗುವುದಕ್ಕಿಂತ ಉದ್ದವಾಗುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಬದಿಗೆ ಉಬ್ಬಿದ್ದು ಕಣ್ಣಿಗೆ ಬೀಳುತ್ತದೆ. ಆದರೆ ಕೆಲಸ ನಡೆಯುವುದು ಅಡಿಯಲ್ಲಿ, ಹಿಂದುಮುಂದಾಗಿ ಚಾಚಿಕೊಂಡ ಆ ಉದ್ದದ ಹೆಜ್ಜೆಯಲ್ಲಿ. ದುಂಡಗಿನ ಚಕ್ರ ತನ್ನ ಮುಂದಿನ ಮರಳನ್ನು ಗುಡ್ಡೆ ಹಾಕುತ್ತ ಅದನ್ನೇ ಹತ್ತಬೇಕಾಗುತ್ತದೆ. ಉದ್ದದ ಹೆಜ್ಜೆಯ ಚಕ್ರ ಮರಳನ್ನು ಒತ್ತಿ, ಅದರ ಮೇಲೆ ತಾನೇ ಹಾಸಿಕೊಂಡು ಸಾಗುತ್ತದೆ.

ಈ ಅನುಭವ ನನಗೆ ಚಿಕ್ಕಂದಿನಲ್ಲೇ ಆಗಿತ್ತು, ಅರ್ಥವಾದದ್ದು ಮಾತ್ರ ಇಲ್ಲಿಗೆ ಬಂದ ಮೇಲೆ. ಕಾವೇರಿ ದಂಡೆಯ ಮರಳಿನಲ್ಲಿ ನಮ್ಮ ಎತ್ತಿನ ಗಾಡಿ ಹೂತುಹೋಗುತ್ತಿತ್ತು. ಮರದ ಚಕ್ರ, ಸುತ್ತ ಮೂರು ಬೆರಳಗಲದ ಕಬ್ಬಿಣದ ಪಟ್ಟಿ. ಎತ್ತುಗಳು ಮೊಣಕಾಲೂರುವಷ್ಟು ಎಳೆದರೂ ಪಟ್ಟಿ ಚಾಕುವಿನಂತೆ ಮರಳನ್ನು ಕೊಯ್ದು ಇಳಿಯುತ್ತಿತ್ತು. ಅಪ್ಪ ಮೂಟೆ ಇಳಿಸಿ, ಚಕ್ರದ ಮುಂದೆ ಹುಲ್ಲು ಹಾಸಿ, ಹೆಗಲು ಕೊಟ್ಟು ಎತ್ತುತ್ತಿದ್ದರು. ಮುಂದೊಂದು ದಿನ ಊರಿಗೆ ಟೈರ್ ಗಾಡಿ ಬಂತು. ಲಾರಿಯ ಹಳೇ ಟೈರು ಹಾಕಿದ ಆ ಗಾಡಿ ಅದೇ ದಂಡೆಯಲ್ಲಿ ಅದೇ ಹೊರೆ ಹೊತ್ತು ಸದ್ದಿಲ್ಲದೆ ದಾಟಿಹೋದಾಗ ಅಪ್ಪ ನಿಂತು ನೋಡಿದ ನೋಟ ನನ್ನ ಕಣ್ಣಲ್ಲಿ ಇನ್ನೂ ಇದೆ.

ಮರಳಿಗಾಗಿ ಬೇಕೆಂದೇ ಗಾಳಿ ಇಳಿಸುವ ರೂಢಿಯ ಜೊತೆ ಸೇರಿಕೊಂಡಿರುವ ಹೆಸರು ರಾಲ್ಫ್ ಬ್ಯಾಗ್ನಾಲ್ಡ್. 1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೇನೆಯ ಅಧಿಕಾರಿ. ರಜೆ ಸಿಕ್ಕಾಗಲೆಲ್ಲ ಗೆಳೆಯರ ಜೊತೆ ಫೋರ್ಡ್ ಮಾಡೆಲ್ ಟಿ, ಆಮೇಲೆ ಮಾಡೆಲ್ ಎ ಕಾರುಗಳನ್ನು ಲಿಬಿಯಾದ ಮರುಭೂಮಿಗೆ ನುಗ್ಗಿಸುತ್ತಿದ್ದ. ಆ ಕಾರುಗಳಿಗೆ ಫೋರ್‌ವೀಲ್ ಡ್ರೈವ್ ಇರಲಿಲ್ಲ, ಹಿಂದಿನ ಎರಡು ಚಕ್ರಗಳು ಮಾತ್ರ ತಳ್ಳುತ್ತಿದ್ದವು. ಹೂತ ಚಕ್ರದಡಿ ತಳ್ಳಲು ಕಬ್ಬಿಣದ ಹಲಗೆ, ದಿಕ್ಕು ತಿಳಿಯಲು ಸೂರ್ಯನ ನೆರಳಿನ ದಿಕ್ಸೂಚಿ, ಟೈರಿಗೆ ಕಡಿಮೆ ಗಾಳಿ. ಇಷ್ಟನ್ನು ನಂಬಿ, ಯಾರೂ ಕಾರಿನಲ್ಲಿ ದಾಟಲಾರರು ಎನ್ನುತ್ತಿದ್ದ ದಿಣ್ಣೆಗಳನ್ನು ದಾಟಿದರು. 1940ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಇದೇ ಅನುಭವದ ಮೇಲೆ ಆತ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಪಡೆ ಕಟ್ಟಿದ. ಗಾಳಿ ಮರಳನ್ನು ಹೇಗೆ ಸಾಗಿಸುತ್ತದೆ, ದಿಣ್ಣೆಗಳು ಹೇಗೆ ಹುಟ್ಟುತ್ತವೆ ಎಂಬುದರ ಕುರಿತ ಅವನ ಪುಸ್ತಕ 1941ರಲ್ಲಿ ಬಂತು. ಇವತ್ತಿಗೂ ಆ ವಿಷಯ ಓದುವವರು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಯಂತ್ರವನ್ನು ಬಲಪಡಿಸುವ ಮೊದಲು ನೆಲವನ್ನು ಅರಿತುಕೊಂಡವನು ಎಂಬ ಕಾರಣಕ್ಕೆ ನನಗೆ ಅವನ ಮೇಲೆ ತುಂಬ ಗೌರವ.

ಅಂಥ ಗೌರವ ನನಗೆ ಮೊದಲಿನಿಂದ ಇರಲಿಲ್ಲ. ಮೊದಲ ಗಾಡಿ ಕೊಂಡ ವರ್ಷ ನಾನು ಮಾಡಿದ ಮೊದಲ ಕೆಲಸವೆಂದರೆ ಅಬುಧಾಬಿಯ ಮುಸಫ್ಫಾದ ಟೈರ್ ಅಂಗಡಿಗಳ ಸಾಲಿಗೆ ಹೋಗಿ, ನೋಡಲು ಅತ್ಯಂತ ಭಯಂಕರವಾಗಿದ್ದ ಟೈರನ್ನು ಹಾಕಿಸಿಕೊಂಡದ್ದು. ಇಷ್ಟಿಷ್ಟು ದಪ್ಪದ ಹಲ್ಲು, ಹಲ್ಲುಗಳ ನಡುವೆ ಬೆರಳು ಹೋಗುವಷ್ಟು ಸಂದು. ಕೆಸರಿಗೆಂದು ಮಾಡಿದ ಟೈರು ಅದು. ಕೆಸರಿನಲ್ಲಿ ಮೇಲಿನ ಜಾರುವ ಪದರ ದಾಟಿ ಕೆಳಗಿನ ಗಟ್ಟಿ ನೆಲ ಮುಟ್ಟಬೇಕು, ಅದಕ್ಕೆ ಆ ಹಲ್ಲು ಬೇಕು. ಮರಳಿನಲ್ಲಿ ಕೆಳಗೆ ಗಟ್ಟಿ ನೆಲವೆಂಬುದು ಎಲ್ಲಿದೆ? ಮೊದಲ ದಿಣ್ಣೆಯ ಮುಕ್ಕಾಲು ಭಾಗದಲ್ಲಿ ವೇಗ ಸತ್ತಿತು, ನಾನು ಹೆದರಿ ಆಕ್ಸಿಲರೇಟರ್ ಒತ್ತಿದೆ, ನಾಲ್ಕು ಚಕ್ರಗಳೂ ನಾಲ್ಕು ಗುದ್ದಲಿಗಳಾದವು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಗಾಡಿಯ ಹೊಟ್ಟೆ ಮರಳಿನ ಮೇಲೆ ಕೂತಿತ್ತು. ಆ ಟೈರುಗಳ ಪಕ್ಕೆಯ ಮೇಲೆ 'ಕ್ಯೂ' ಎಂಬ ಅಕ್ಷರವಿತ್ತು, ಗಂಟೆಗೆ 160 ಕಿಲೋಮೀಟರ್ ಅದರ ಮಿತಿ ಎಂದು ಅರ್ಥ. ಅಬುಧಾಬಿಯ ಕೆಲವು ಹೆದ್ದಾರಿಗಳ ವೇಗಮಿತಿಯೂ ಆಗ ಅಷ್ಟೇ ಇತ್ತು. ಜುಲೈ ತಿಂಗಳ ಬೆಂಕಿಯಂಥ ರಸ್ತೆಯ ಮೇಲೆ ಟೈರನ್ನು ಅದರ ಕೊನೆಯ ಮಿತಿಯಲ್ಲಿ ಓಡಿಸುವುದೆಂದರೇನು ಎಂದು ಆಗ ನಾನು ಯೋಚಿಸಿಯೇ ಇರಲಿಲ್ಲ.

ಈಗ ಯಾರಾದರೂ ಟೈರು ಆರಿಸಿಕೊಡು ಎಂದು ಕರೆದರೆ ನಾನು ಹಲ್ಲುಗಳನ್ನು ನೋಡುವುದು ಕೊನೆಗೆ. ಮೊದಲು ನೋಡುವುದು ಪಕ್ಕೆಯ ಎತ್ತರ. ನನ್ನ ಟೈರಿನ ಮೇಲೆ 265/65 ಆರ್ 17 ಎಂದಿದೆ. 265 ಮಿಲಿಮೀಟರ್ ಅಗಲ, ಅದರ ನೂರಕ್ಕೆ 65ರಷ್ಟು ಪಕ್ಕೆಯ ಎತ್ತರ, 17 ಅಂಗುಲದ ರಿಮ್ಮು. ಅಂದರೆ ರಿಮ್ಮಿಗೂ ನೆಲಕ್ಕೂ ನಡುವೆ 172 ಮಿಲಿಮೀಟರ್ ಮೆತ್ತನೆಯ ಗೋಡೆ. ಹುಬ್ಬಳ್ಳಿಯ ಗೆಳೆಯ ಹೊಸ ದೊಡ್ಡ ಗಾಡಿ ಕೊಂಡಾಗ ಅದರ ಜೊತೆಗೇ 22 ಅಂಗುಲದ ಮಿರಮಿರ ಹೊಳೆಯುವ ರಿಮ್ಮು ಬಂದಿತ್ತು, ಟೈರು 285/45. ಅದರ ಪಕ್ಕೆ 128 ಮಿಲಿಮೀಟರ್ ಮಾತ್ರ. ಗಾಳಿ ಇಳಿಸಿದರೆ ಬಾಗಲು ಅಲ್ಲಿ ಜಾಗವೇ ಇಲ್ಲ. ಬಾಗದ ಟೈರಿಗೆ ಉದ್ದದ ಹೆಜ್ಜೆ ಇಲ್ಲ, ಮೇಲಾಗಿ ಗಟ್ಟಿ ಮರಳಿನ ಅಂಚಿಗೆ ಬಡಿದರೆ ರಿಮ್ಮೇ ಸೀಳುವ ಭಯ. ಬಹಳ ಹೇಳಿದ ಮೇಲೆ ಅವನು ಅದನ್ನು ಬಿಚ್ಚಿಸಿ, ಬ್ರೇಕಿಗೆ ತಾಗದ ಹಾಗೆ ನೋಡಿಕೊಂಡು, 18 ಅಂಗುಲದ ರಿಮ್ಮಿಗೆ ಇಳಿದ. ಹೆಂಡತಿಗೆ ಗಾಡಿಯ ಅಂದ ಕೆಟ್ಟಿತೆಂದು ಬೇಸರವಾಯಿತಂತೆ. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅದೇ ಗಾಡಿ ಈಗ ನಮ್ಮ ಮುಂದೆ ಹೋಗುತ್ತದೆ.

ಆಮೇಲೆ ಪಕ್ಕೆ ಎಷ್ಟು ದಪ್ಪ ಎಂಬ ಪ್ರಶ್ನೆ. 'ಎಲ್‌ಟಿ' ಎಂದು ಶುರುವಾಗುವ ಟೈರುಗಳು ಲಘು ಟ್ರಕ್ಕುಗಳಿಗೆಂದು ಮಾಡಿದವು, ಒಳಗೆ ಹೆಚ್ಚು ಪದರ. ಕಲ್ಲು ತುಂಬಿದ ಒಣ ಹಳ್ಳಗಳಲ್ಲಿ, ಅಂದರೆ ಇಲ್ಲಿನ ವಾದಿಗಳಲ್ಲಿ, ಅವು ಜೀವ ಉಳಿಸುತ್ತವೆ. ಮರಳಿನಲ್ಲಿ ಮಾತ್ರ ಅದೇ ಬಿಗಿ ಅಡ್ಡಿಯಾಗುತ್ತದೆ, ಸಾಮಾನ್ಯ ಟೈರು 15ರಲ್ಲಿ ಬಾಗಿದಷ್ಟು ಬಾಗಲು ಎಲ್‌ಟಿಗೆ ಇನ್ನೂ ಎರಡು ಮೂರು ಪೌಂಡ್ ಇಳಿಸಬೇಕಾಗುತ್ತದೆ. ಭಾರ ಹೊರುವ ಶಕ್ತಿಯ ಅಂಕೆ (ನನ್ನದರ ಮೇಲೆ 112, ಅಂದರೆ ಒಂದೊಂದು ಟೈರಿಗೆ 1,120 ಕಿಲೋ), ಬಿಸಿ ತಡೆಯುವ ದರ್ಜೆಯ ಅಕ್ಷರ, ಇವನ್ನೆಲ್ಲ ಮೊಬೈಲಿನ ಬೆಳಕು ಬಿಟ್ಟು ಓದುತ್ತೇನೆ. ಇಷ್ಟೆಲ್ಲ ಆದ ಮೇಲೆ ಹಲ್ಲು. ರಸ್ತೆ, ಮರಳು, ಜಲ್ಲಿ ಮೂರಕ್ಕೂ ಆಗುವ ಆಲ್ ಟೆರೈನ್ ಟೈರು, ಅದರಲ್ಲೂ ಹಲ್ಲುಗಳು ಒತ್ತೊತ್ತಾಗಿರುವಂಥದ್ದು, ನನ್ನ ಆಯ್ಕೆ. ಲಿವಾದ ತೋಟದ ಮಾಲೀಕರು ಹಳೆಯ ಪಿಕಪ್ಪುಗಳಲ್ಲಿ ಹೆಚ್ಚುಕಡಿಮೆ ನುಣ್ಣಗಾದ ರಸ್ತೆಯ ಟೈರು ಹಾಕಿಕೊಂಡು, ನಾವು ಏದುಸಿರು ಬಿಡುವ ಏರನ್ನು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಏರಿಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೆದ್ದಾರಿಗೆ ಅಂಥ ಟೈರು ಸಲ್ಲದು, ನಾನೆಂದೂ ಹಾಕುವುದಿಲ್ಲ. ಆದರೆ ಮರಳು ಹಲ್ಲನ್ನು ಕೇಳುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಏಳೂವರೆಯ ಹೊತ್ತಿಗೆ ಮಂಜು ಎದ್ದಿತು. ಎದುರಿಗೆ ತಾಮ್ರದ ಬಣ್ಣದ ದಿಣ್ಣೆಗಳು, ಅವುಗಳ ನಡುವೆ ಬೆಳ್ಳಗೆ ಹಾಸಿದ ಸಬ್ಖಾ. ಸಬ್ಖಾ ಎಂದರೆ ಉಪ್ಪಿನ ಬಯಲು. ಒಣಗಿದ್ದಾಗ ಸಿಮೆಂಟಿನ ನೆಲದಂತೆ, ಒದ್ದೆಯಾದರೆ ಹೊಲದ ಕೆಸರಿಗಿಂತ ಕಡೆ. ರಾತ್ರಿಯ ಇಬ್ಬನಿ ಮರಳಿನ ಮೇಲ್ಪದರವನ್ನು ಹಿಡಿದಿಟ್ಟಿತ್ತು. ಅಂಥ ಬೆಳಗಿನಲ್ಲಿ ಗಾಡಿ ನಡೆಸುವುದು ಏನು ಸುಖ! ಟೈರಿನಡಿ ಸದ್ದೇ ಇಲ್ಲ. ಇಂಜಿನ್ನು ಮೆಲ್ಲಗೆ ಗುನುಗುತ್ತದೆ, ಗಾಡಿ ದೋಣಿಯ ಹಾಗೆ ಏರುತ್ತದೆ, ಇಳಿಯುತ್ತದೆ. ಹಿಂದಿರುಗಿ ನೋಡಿದರೆ ನಮ್ಮ ಜಾಡು ಆಳವಿಲ್ಲದ ಎರಡು ರಿಬ್ಬನ್ನಿನಂತೆ ಮಲಗಿರುತ್ತದೆ. ಜಾಡು ಆಳವಾಗಿದ್ದರೆ ಗಾಳಿ ಹೆಚ್ಚಿದೆ ಎಂದು ತಿಳಿಯಬೇಕು. ಗೇಜಿಗಿಂತ ಮೊದಲು ಅದು ಹೇಳುತ್ತದೆ.

ದಿಣ್ಣೆಗೆ ಎರಡು ಮುಖ. ಗಾಳಿ ಬೀಸಿಬರುವ ಕಡೆ ಇಳಿಜಾರು ಉದ್ದ, ನಿಧಾನ. ಅಲ್ಲಿ ಹಾರಿಬಿದ್ದ ಕಣಗಳು ಒಂದನ್ನೊಂದು ಕುಟ್ಟಿ ಕುಟ್ಟಿ ನೆಲ ಅಡಕವಾಗಿರುತ್ತದೆ. ನೆತ್ತಿ ದಾಟಿದ ಆಚೆ ಮರಳು ಬರೀ ಜಾರಿ ಬಿದ್ದದ್ದು, ಸುಮಾರು 33 ಡಿಗ್ರಿಯ ಕಡಿದಾದ ಇಳಿಜಾರಿನಲ್ಲಿ ಈಗಲೋ ಆಗಲೋ ಎಂಬಂತೆ ನಿಂತದ್ದು, ಹಿಟ್ಟಿನಷ್ಟು ಸಡಿಲ. ಲಿವಾದಲ್ಲಿ ಶಮಾಲ್ ಗಾಳಿ ವಾಯವ್ಯದಿಂದ ಬೀಸುತ್ತದೆ. ಹಾಗಾಗಿ ಗಟ್ಟಿ ಮುಖಗಳು ಬಹುತೇಕ ಉತ್ತರದ ಕಡೆಗೆ, ಸಡಿಲ ಮುಖಗಳು ದಕ್ಷಿಣದ ಕಡೆಗೆ. ದಕ್ಷಿಣಕ್ಕೆ ಹೋಗುವವನಿಗೆ ಮರಳು ಮೆಟ್ಟಿಲು ಹಾಕಿಕೊಡುತ್ತದೆ, ಉತ್ತರಕ್ಕೆ ಹಿಂದಿರುಗುವಾಗ ಗೋಡೆ ನಿಲ್ಲಿಸುತ್ತದೆ. ಹಿಂದಿರುಗುವುದಕ್ಕೂ ನಾವು ಮರಳುವುದು ಎಂದೇ ಅನ್ನುತ್ತೇವಲ್ಲ. ಮರಳಿಗೆ ಹೋದವನು ಮರಳುವ ದಾರಿಯನ್ನು ಹೋಗುವಾಗಲೇ ನೋಡಿಟ್ಟುಕೊಳ್ಳಬೇಕು ಎಂದು ನಾನು ಕನ್ನಡದ ಗೆಳೆಯರಿಗೆ ಹೇಳುವಾಗ ಆ ಒಂದು ಪದ ಎರಡು ಸಲ ಕೆಲಸ ಮಾಡುತ್ತದೆ.

ಹನ್ನೊಂದರ ಹೊತ್ತಿಗೆ ಇಬ್ಬನಿ ಆರಿಹೋಗಿತ್ತು. ಮರಳಿನ ಬಣ್ಣ ಮಸುಕಾಯಿತು, ನೆರಳು ಮಾಯವಾಗಿ ಏರುತಗ್ಗು ಒಂದೇ ಆಗಿ ಕಾಣತೊಡಗಿತು. ಟೈರುಗಳನ್ನು ಮುಟ್ಟಿ ನೋಡಿದೆ, ಬಿಸಿ. ಬೆಳಗ್ಗೆ 15 ಇದ್ದದ್ದು ಈಗ 18. ಗಾಳಿ ಯಾರೂ ತುಂಬಿಲ್ಲ, ಬಿಸಿಲೂ ಓಟವೂ ಸೇರಿ ತುಂಬಿದ್ದು. ಮತ್ತೆ ಇಳಿಸಿದೆವು. ಇದನ್ನು ಮರೆತವರು ಬೆಳಗ್ಗೆ ಸಲೀಸಾಗಿ ಏರಿದ ದಿಣ್ಣೆಯನ್ನು ಮಧ್ಯಾಹ್ನ ಏರಲಾರದೆ ಗಾಡಿಗೆ ಏನೋ ಆಗಿದೆ ಎಂದುಕೊಳ್ಳುತ್ತಾರೆ.

ಅಷ್ಟಾದರೂ ಒಂದು ಕುಳಿಯಲ್ಲಿ ನಾನು ಸಿಕ್ಕಿಕೊಂಡೆ. ಸುತ್ತ ದಿಣ್ಣೆಗಳಿಂದ ಮುಚ್ಚಿದ, ಬೋಗುಣಿಯಂಥ ಆಳ. ಎರಡು ಸಲ ಏರಲು ಹೋಗಿ ಅದೇ ಜಾಡಿನಲ್ಲಿ ಹಿಂದಕ್ಕೆ ಜಾರಿ ಬಂದೆ. ಇಂಥ ಹೊತ್ತಿಗೆ 10ಕ್ಕೆ ಇಳಿಸುವುದುಂಟು. ಇಳಿಸಿದೆ, ಕುಳಿಯ ಬದಿಯಲ್ಲಿ ಸುತ್ತು ಹೊಡೆದು ವೇಗ ಕೂಡಿಸಿ ಮೂರನೆಯ ಸಲಕ್ಕೆ ಹೊರಬಂದೆ. ಬಂದ ಸಂತೋಷದಲ್ಲಿ ನಿಂತು ಮತ್ತೆ 15ಕ್ಕೆ ಏರಿಸಬೇಕಿತ್ತು. ಏರಿಸಲಿಲ್ಲ. ನೆತ್ತಿಯಿಂದ ಇಳಿಯುತ್ತ ಮುಂದೊಂದು ಒಣಗಿದ ಅರ್ತಾ ಗಿಡ ಕಂಡು ಸರಕ್ಕನೆ ಬಲಕ್ಕೆ ತಿರುಗಿಸಿದೆ. ಎಡಗಡೆಯ ಮುಂದಿನ ಚಕ್ರದಿಂದ ಯಾರೋ ದೊಡ್ಡ ನಿಟ್ಟುಸಿರು ಬಿಟ್ಟಂತಾಯಿತು. ಗಾಡಿ ಆ ಕಡೆಗೆ ವಾಲಿ ನಿಂತಿತು.

ಇಲ್ಲಿನವರು ಇದನ್ನು 'ಪಾಪ್ ಔಟ್' ಎನ್ನುತ್ತಾರೆ. ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆಯಿದೆ. ಆ ಬಳೆಯನ್ನು ರಿಮ್ಮಿಗೆ ಒತ್ತಿ ಹಿಡಿದಿರುವುದು ಒಳಗಿನ ಗಾಳಿ. ಗಾಳಿ ಕಡಿಮೆಯಾದಷ್ಟೂ ಹಿಡಿತ ಸಡಿಲ. ಬಲಕ್ಕೆ ಥಟ್ಟನೆ ತಿರುಗಿದಾಗ ಗಾಡಿಯ ಭಾರವೆಲ್ಲ ಹೊರಬದಿಯ, ಅಂದರೆ ಎಡ ಮುಂಚಕ್ರದ ಮೇಲೆ ಬೀಳುತ್ತದೆ. ಮರಳು ಟೈರನ್ನು ಒಂದು ಕಡೆ ಹಿಡಿಯುತ್ತದೆ, ರಿಮ್ಮು ಇನ್ನೊಂದು ಕಡೆ ಸಾಗುತ್ತದೆ. 10ರಲ್ಲಿ ನೆಟ್ಟಗೆ ಹೋಗಬಹುದು, ಮೆಲ್ಲಗೆ ಹೋಗಬಹುದು. ತಿರುಗುವಂತಿಲ್ಲ.

ಮುಂದಿನ ಒಂದೂವರೆ ಗಂಟೆ ನಾವು ನಾಲ್ವರು ಒಂದು ಚಕ್ರದ ಸುತ್ತ ಕೂತೆವು. ಜಾಕು ಮರಳಿಗೆ ಇಳಿದುಹೋಗದಂತೆ ಅಡಿಗೆ ಹಲಗೆ ಇಟ್ಟು ಗಾಡಿ ಎತ್ತಿದೆವು. ಹೊರಗಿನ ಅಂಚು ಮಾತ್ರ ಕಳಚಿತ್ತು. ಕುಂದಾಪುರದವನು ಮೀನು ತೊಳೆಯುವ ತಾಳ್ಮೆಯಲ್ಲಿ ಆ ಅಂಚನ್ನೂ ರಿಮ್ಮನ್ನೂ ನೀರು ಹಾಕಿ ಬಟ್ಟೆಯಿಂದ ಒರೆಸಿದ. ಪಾತ್ರೆ ತೊಳೆಯುವ ಸೋಪಿನ ನೀರು ಬಳಿದೆವು. ಟೈರಿನ ಸುತ್ತ ಸಾಮಾನು ಕಟ್ಟುವ ರ‍್ಯಾಚೆಟ್ ಪಟ್ಟಿ ಸುತ್ತಿ ಬಿಗಿದಾಗ ನಡು ಒತ್ತಿಕೊಂಡು ಅಂಚುಗಳು ಹೊರಕ್ಕೆ ಚಾಚಿದವು. ವಾಲ್ವಿನ ಒಳಗಿನ ಪಿನ್ನು ಬಿಚ್ಚಿ, ಅಡ್ಡಿಯಿಲ್ಲದೆ ಗಾಳಿ ನುಗ್ಗುವಂತೆ ಕಂಪ್ರೆಸರ್ ಜೋಡಿಸಿದೆವು. ಸೋಪಿನ ನೊರೆ ಗುಳ್ಳೆಗುಳ್ಳೆಯಾಗಿ ಎದ್ದು, ನಿಂತು, ಮತ್ತೆ ಎದ್ದು, ಕೊನೆಗೆ ಠಪ್ ಎಂಬ ಸದ್ದಿನೊಂದಿಗೆ ಅಂಚು ತನ್ನ ಜಾಗಕ್ಕೆ ಕೂತಿತು. ಕೆಲವರು ಹೀಗೆ ಕಳಚಿದ ಟೈರಿನೊಳಗೆ ಉರಿಯುವ ದ್ರವ ಚಿಮುಕಿಸಿ ಕಡ್ಡಿ ಗೀರಿ, ಸ್ಫೋಟದ ಬಲದಿಂದ ಕೂರಿಸುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆಸ್ಪತ್ರೆ ಬಹಳ ದೂರವಿರುವ ಜಾಗದಲ್ಲಿ ಮುಖದ ಹತ್ತಿರ ಬೆಂಕಿ ಹೊತ್ತಿಸಿಕೊಳ್ಳುವಷ್ಟು ಅವಸರ ಯಾರಿಗೂ ಇರಬಾರದು.

ನಾವು ಕೆಲಸದಲ್ಲಿರುವಾಗ ದೂರದ ಬಯಲಿನಲ್ಲಿ ಐದಾರು ಒಂಟೆಗಳು ಸಾಗಿದವು. ಒಂಟೆಯ ಪಾದವನ್ನು ಹತ್ತಿರದಿಂದ ನೋಡಿದ್ದೀರಾ? ಎರಡು ಬೆರಳು, ಅಡಿಯಲ್ಲಿ ಅಗಲವಾದ ಮೆತ್ತೆ. ಎತ್ತಿದಾಗ ಚಿಕ್ಕದಾಗಿ ಕಾಣುತ್ತದೆ, ಊರಿದಾಗ ಭಾರಕ್ಕೆ ಹರಡಿಕೊಳ್ಳುತ್ತದೆ. ಪ್ರತಿ ಹೆಜ್ಜೆಗೂ ಗಾಳಿ ಇಳಿಸಿ ಏರಿಸಿಕೊಳ್ಳುವ ಟೈರು ಅದು. ವಿಲ್ಫ್ರೆಡ್ ಥೆಸಿಗರ್ 1946ರಿಂದ 48ರ ನಡುವೆ ಈ ಖಾಲಿ ನಾಡನ್ನು ಎರಡು ಬಾರಿ ದಾಟಿದ್ದು ಬದು ಸಂಗಡಿಗರ ಜೊತೆ, ಅಂಥ ಪಾದಗಳ ಮೇಲೆ. ಮೋಟಾರು ಬಂದು ಈ ಬದುಕನ್ನು ಮುಗಿಸುತ್ತದೆ ಎಂದು ಅವನು ಕೊರಗಿದ, 1959ರ ಅವನ ಪುಸ್ತಕದ ತುಂಬ ಆ ಕೊರಗಿದೆ. ಮೋಟಾರಿನಲ್ಲೇ ಇಲ್ಲಿಗೆ ಬಂದ ನಾನು ಅದನ್ನು ಓದಿ ತಲೆ ತಗ್ಗಿಸಿದ್ದೇನೆ. ಗಿಡಗಳ ಮೇಲೆ ಗಾಡಿ ಹತ್ತಿಸದಿರುವುದು, ಒಂದು ಬಾಟಲಿಯನ್ನೂ ಬಿಟ್ಟು ಬಾರದಿರುವುದು, ನನ್ನ ಕೈಲಾಗುವುದು ಇಷ್ಟು.

ಅರ್ತಾ ಗಿಡವನ್ನು ತಪ್ಪಿಸಲು ಅಷ್ಟು ಸರಕ್ಕನೆ ತಿರುಗಿಸಿದ್ದಕ್ಕೂ ಒಂದು ಕಾರಣವಿತ್ತು. ಅದಕ್ಕಿಂತ ನಾಲ್ಕು ವರ್ಷ ಹಿಂದೆ ಇಂಥದ್ದೇ ಗಿಡದ ಒಣಗಿದ ಬುಡ ನನ್ನ ಟೈರಿನ ಪಕ್ಕೆಯನ್ನು ಸೀಳಿತ್ತು. ಗಾಳಿ ಇಳಿದ ಟೈರಿನ ಪಕ್ಕೆ ಹೊರಕ್ಕೆ ಉಬ್ಬಿ ನಿಂತಿರುತ್ತದೆ, ಅದೂ ಟೈರಿನ ತೀರ ತೆಳುವಾದ ಭಾಗ. ನೆಲ ಮುಟ್ಟುವ ಭಾಗದ ತೂತನ್ನು ರಬ್ಬರಿನ ಹಗ್ಗ ತುರುಕಿ ಮುಚ್ಚಬಹುದು. ಪಕ್ಕೆಯ ಸೀಳನ್ನು ಹಾಗೆ ಮುಚ್ಚಿದರೆ ಮರಳಿನಿಂದ ಹೊರಬರುವವರೆಗಷ್ಟೇ, ಆಮೇಲೆ ಆ ಟೈರು ಎಸೆಯಬೇಕಾದ್ದೇ. ಅಂದು ಸ್ಟೆಪ್ನಿ ಇಳಿಸಿದೆವು. ಒಂದು ದಿನವೂ ಓಡದ ಟೈರು, ಹಲ್ಲುಗಳ ಮೇಲೆ ಹೊಸತರ ಕೂದಲೆಳೆಗಳೂ ಹಾಗೇ ಇದ್ದವು. ಹಾಕಿಕೊಂಡು ಹೆದ್ದಾರಿಗೆ ಬಂದು ಅರ್ಧ ಗಂಟೆಯಾಗಿರಲಿಲ್ಲ, ಹಿಂದಿನಿಂದ ಡಬಡಬ ಎಂದು ಸದ್ದು ಬಂತು. ನಿಲ್ಲಿಸಿ ನೋಡಿದರೆ ನೆಲ ಮುಟ್ಟುವ ರಬ್ಬರು ಅಂಗೈಯಷ್ಟಗಲ ಸಿಪ್ಪೆಯಂತೆ ಎದ್ದು ಬಂದಿತ್ತು. ನಾನು, ಹೆಂಡತಿ, ಮಗಳು ಮೂವರೂ ಆ ಗಾಡಿಯಲ್ಲಿದ್ದೆವು.

ಟೈರಿನ ಪಕ್ಕೆಯ ಮೇಲೆ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದರೆ 2019ರ ಇಪ್ಪತ್ತಮೂರನೆಯ ವಾರ. ಆ ಸ್ಟೆಪ್ನಿಯ ಅಂಕೆಯನ್ನು ನಾನು ಅಂದು ರಸ್ತೆ ಬದಿಯಲ್ಲಿ ಕೂತು ಮೊದಲ ಬಾರಿ ಓದಿದೆ. ಒಂಬತ್ತು ವರ್ಷ ಹಳೆಯದು. ಗಾಡಿ ನನಗೆ ಮಾರಿದವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ರಬ್ಬರು ಓಡಿದರೆ ಮಾತ್ರ ಸವೆಯುತ್ತದೆ ಎಂದುಕೊಂಡಿದ್ದೆ. ಸುಮ್ಮನೆ ತೂಗಿಕೊಂಡಿದ್ದರೂ ಗಾಳಿಯ ಆಮ್ಲಜನಕ, ಬಿಸಿ ಎರಡೂ ಸೇರಿ ಅದನ್ನು ಒಳಗಿನಿಂದ ಒಣಗಿಸುತ್ತವೆ. ಬೇಸಿಗೆಯಲ್ಲಿ ಇಲ್ಲಿನ ಡಾಂಬರಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಗಾಡಿಯ ಅಡಿಯಲ್ಲಿ ಕಟ್ಟಿದ ಆ ಟೈರು ಒಂಬತ್ತು ಬೇಸಿಗೆ ಅದರ ಝಳ ಕುಡಿದಿತ್ತು. ಅಂದಿನಿಂದ ಐದು ವರ್ಷ ತುಂಬಿದ ಟೈರು, ಹಲ್ಲು ಎಷ್ಟೇ ಉಳಿದಿರಲಿ, ನನ್ನ ಗಾಡಿಯಲ್ಲಿಲ್ಲ. ಹೊಸದನ್ನು ಕೊಳ್ಳುವಾಗಲೂ ನಾಲ್ಕರ ಜೊತೆ ಐದನೆಯದನ್ನು ಕೊಳ್ಳುತ್ತೇನೆ. ಐದನ್ನೂ ಸರದಿಯಲ್ಲಿ ಓಡಿಸುತ್ತೇನೆ.

ಮಧ್ಯಾಹ್ನ ಮೂರಕ್ಕೆ ಉತ್ತರಕ್ಕೆ ಮುಖ ಮಾಡಿದೆವು. ಬೆಳಗ್ಗೆ ಮೆಟ್ಟಿಲಾಗಿದ್ದ ದಿಣ್ಣೆಗಳೆಲ್ಲ ಈಗ ಗೋಡೆ. ಅವುಗಳನ್ನು ಏರುವ ಮಾತೇ ಇಲ್ಲ. ಬುಡದ ಸಬ್ಖಾ ಹಿಡಿದು, ದಿಣ್ಣೆಯ ತೋಳು ತಗ್ಗಿದ ಕಡೆ ದಾಟಿ, ಬಳಸಿ ಬಳಸಿ ಬರಬೇಕು. ಒಂದು ಕಡೆ ದಾರಿ ಕಾಣದೆ ನಿಂತಾಗ ತನ್ನ ಒಂಟೆಗಳಿಗೆ ಮೇವು ಹಾಕಿ ಬರುತ್ತಿದ್ದ ಮುದುಕನೊಬ್ಬ ಪಿಕಪ್ ನಿಲ್ಲಿಸಿದ. ನಮ್ಮ ಟೈರುಗಳನ್ನು ಕಾಲಿನಿಂದ ಒತ್ತಿ ನೋಡಿದ, ತಲೆಯಾಡಿಸಿದ. 'ಶ್ವಯ್ ಶ್ವಯ್' ಎಂದ, ನಿಧಾನ ನಿಧಾನ. ಮುಂದೆ ಅವನ ಗಾಡಿ, ಹಿಂದೆ ನಮ್ಮ ಮೂರು. ಅವನು ಎಲ್ಲಿಯೂ ವೇಗ ಹೆಚ್ಚಿಸಲಿಲ್ಲ, ಎಲ್ಲಿಯೂ ನಿಲ್ಲಲಿಲ್ಲ, ಒಮ್ಮೆಯೂ ಬ್ರೇಕಿನ ಕೆಂಪು ದೀಪ ಹತ್ತಲಿಲ್ಲ. ಮರಳಿನಲ್ಲಿ ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಗುಡ್ಡೆ ಏಳುತ್ತದೆ, ಹೊರಡುವಾಗ ಅದನ್ನೇ ಏರಬೇಕು. ಆಕ್ಸಿಲರೇಟರ್ ಬಿಟ್ಟರೆ ಸಾಕು, ಮರಳೇ ನಿಲ್ಲಿಸುತ್ತದೆ. ಡಾಂಬರು ಕಾಣುತ್ತಲೇ ಅವನು ಕಿಟಕಿಯಿಂದ ಕೈ ಹೊರಗೆ ಚಾಚಿ ಎತ್ತಿದವನು ಹಿಂದಿರುಗಿ ನೋಡದೆ ಹೋದ.

ಗಾಳಿ ತುಂಬುವ ಕೆಲಸದ ಬಗ್ಗೆ ಯಾರೂ ಕಥೆ ಹೇಳುವುದಿಲ್ಲ. ಕತ್ತಲಾಗಿರುತ್ತದೆ, ಮೈ ನೊಂದಿರುತ್ತದೆ, ಮಕ್ಕಳಿಗೆ ಹಸಿವು, ಪೆಟ್ರೋಲ್ ಬಂಕು ಹತ್ತೇ ನಿಮಿಷದ ದಾರಿ, ಅಲ್ಲಿವರೆಗೆ ಹೀಗೇ ಹೋಗೋಣ ಎಂದು ಮನಸ್ಸು ಹೇಳುತ್ತದೆ. ನನಗೆ ಅತಿ ಹೆಚ್ಚು ಭಯವಿರುವುದು ಆ ಮಾತಿನದು. ಗಾಳಿ ಇಳಿದ ಟೈರು ಹೆದ್ದಾರಿಯಲ್ಲಿ ಸುತ್ತಿದಷ್ಟು ಸಲವೂ ಅದರ ಪಕ್ಕೆ ಬಾಗಿ ನೆಟ್ಟಗಾಗುತ್ತದೆ. ವೇಗದಲ್ಲಿ ಅದು ನಿಮಿಷಕ್ಕೆ ನೂರಾರು ಸಲ. ಕಬ್ಬಿಣದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವಾಗ ಬೆರಳಿಗೆ ಬಿಸಿ ತಾಗುತ್ತದಲ್ಲ, ಹಾಗೆ. ಹೊರಗಿನಿಂದ ಏನೂ ತಿಳಿಯುವುದಿಲ್ಲ, ಸಿಡಿದಾಗ ತಿಳಿಯುತ್ತದೆ. ಮರಳಿನಲ್ಲಿ ಹೂತವರು ಮನೆಗೆ ತಡವಾಗಿ ಬರುತ್ತಾರೆ ಅಷ್ಟೆ.

ಹಾಗಾಗಿ ಡಾಂಬರಿನ ಅಂಚಿನಲ್ಲೇ ನಿಂತೆವು. ಇಂಜಿನ್ ಚಾಲೂ ಇಟ್ಟು ಬ್ಯಾಟರಿಗೆ ಕಂಪ್ರೆಸರ್ ಕಚ್ಚಿಸಿದೆವು. ಒಂದು ಟೈರಿಗೆ ಐದಾರು ನಿಮಿಷ. ಬೆಳಗಿನ ಸದ್ದಿಗೆ ತದ್ವಿರುದ್ಧವಾದ ಕರ್ಕಶ ಗಡಗಡ. ಹುಬ್ಬಳ್ಳಿಯವನ ಹೆಂಡತಿ ಫ್ಲಾಸ್ಕಿನ ಚಹಾ ಬಗ್ಗಿಸಿದರು, ರೊಟ್ಟಿ ಶೇಂಗಾ ಚಟ್ನಿ ಕೈಯಿಂದ ಕೈಗೆ ಹೋಯಿತು. ದಿಣ್ಣೆಗಳ ಮೇಲೆ ಚುಕ್ಕಿಗಳೆದ್ದವು. ಹನ್ನೆರಡು ಟೈರುಗಳೂ 35ಕ್ಕೆ ಬಂದ ಮೇಲೆ, ಜೇಬಿನಿಂದ ಮುಚ್ಚಳಗಳನ್ನು ತೆಗೆದು ಎಣಿಸಿ ಹಾಕಿದೆವು.

ಮಾರನೆಯ ಬೆಳಗ್ಗೆ, ಟೈರುಗಳು ಪೂರ್ತಿ ತಣಿದ ಮೇಲೆ, ಮನೆಯ ಕೆಳಗೆ ಮತ್ತೆ ಗೇಜು ಹಿಡಿದು ಕೂತೆ. ಬಿಸಿಯಲ್ಲಿ 35 ಇದ್ದದ್ದು ತಣ್ಣಗಾದಾಗ ಇಳಿದಿರುತ್ತದೆ, ಗಾಡಿಯ ಬಾಗಿಲಿನ ಪಟ್ಟಿಯ ಮೇಲೆ ಬರೆದಿರುವ ಅಂಕೆ ತಣ್ಣನೆಯ ಟೈರಿನದು. ಮೂರು ಚಕ್ರಗಳು 31 ತೋರಿಸಿದವು. ಕಳಚಿ ಕೂತಿದ್ದ ಎಡ ಮುಂಚಕ್ರ ಮಾತ್ರ 27. ಸೋಪಿನ ನೀರು ಹಚ್ಚಿ ನೋಡಿದರೆ ರಿಮ್ಮಿನ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆ, ಒಡೆದು ಮತ್ತೆ ಹುಟ್ಟುತ್ತಿತ್ತು.

ಅಂಗಡಿಗೆ ಒಯ್ದೆ. ಕೆಲಸದ ಹುಡುಗ ಟೈರು ಬಿಚ್ಚಿ, ಅಂಚಿನ ಒಳಬದಿಯಲ್ಲಿ ಬೆರಳು ಎಳೆದು ನನಗೆ ತೋರಿಸಿದ. ನಾಲ್ಕೋ ಐದೋ ಕಣ, ತಾಮ್ರದ ಬಣ್ಣದವು. ಬಟ್ಟೆಗೆ ಒರೆಸಿಕೊಂಡು, ರಿಮ್ಮನ್ನು ಉಜ್ಜಿ, ಟೈರು ಕೂರಿಸಿ, ಗಾಳಿಯ ಪೈಪು ಹಿಡಿದು ನನ್ನ ಕಡೆ ನೋಡಿದ.

'ಕಿತ್ನಾ?'

ಮೂವತ್ತೈದು ಎಂದೆ.